ಹೊಸ ಖನಿಜಕ್ಕೆ ಹೆಸರಿಡುವ ಲೆಕ್ಕ

ಮಧ್ಯಪ್ರದೇಶದ ಝಾಬುವಾ ಜಿಲ್ಲೆ ಗುಜರಾತಿನ ಗಡಿಗೆ ಅಂಟಿಕೊಂಡ ಸೀಮೆ. ಅಲ್ಲಿನ ಕಾಜಲಿಡೋಂಗ್ರಿಯಲ್ಲಿ ಹಳೆಯ ಮ್ಯಾಂಗನೀಸ್ ಗಣಿಯೊಂದಿದೆ. ಅದಿರಿಗಾಗಿ ತೋಡಿದ ಆ ಗಣಿಯ ಹೆಸರು ಜಗತ್ತಿನ ಖನಿಜ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು, ನಮ್ಮಲ್ಲಿ ಕೇಳಿದವರು ಕಡಿಮೆ. 1992ರಲ್ಲಿ ‘ಅಮೆರಿಕನ್ ಮಿನರಲಾಜಿಸ್ಟ್’ ಪತ್ರಿಕೆಯಲ್ಲಿ ಆ ಗಣಿಯ ಒಂದು ಕಡುಗೆಂಪು ಹರಳಿನ ಬಗ್ಗೆ ನಾಲ್ಕೇ ಪುಟಗಳ ಲೇಖನ ಪ್ರಕಟವಾಯಿತು. ಬರೆದವರು ಕೆನಡಾದ ಫ್ರಾಂಕ್ ಹಾಥಾರ್ನ್ ಮತ್ತು ಜೋಯಲ್ ಗ್ರೈಸ್, ಇಟಲಿಯ ರೊಬೆರ್ಟಾ ಒಬೆರ್ಟಿ ಮತ್ತು ಲುಚಿಯಾನೊ ಉಂಗರೆಟ್ಟಿ. ಹರಳಿಗೆ ಅವರು ಇಟ್ಟ ಹೆಸರು ಲೀಕೈಟ್. ಆಂಫಿಬೋಲ್ ಎಂಬ ದೊಡ್ಡ ಖನಿಜ ಕುಟುಂಬಕ್ಕೆ ಹೊಸ ಸೇರ್ಪಡೆ.

‘ಹೊಸ ಖನಿಜ ಪತ್ತೆ’ ಎಂಬ ಸುದ್ದಿ ಓದಿದಾಗ ಯಾರೋ ಗುಡ್ಡದಲ್ಲಿ ಎಡವಿದರು, ಹೊಳೆಯುವ ಕಲ್ಲು ಕೈಗೆ ಸಿಕ್ಕಿತು ಎಂದೇ ನಾವು ಊಹಿಸಿಕೊಳ್ಳುತ್ತೇವೆ. ಆಂಫಿಬೋಲ್‌ಗಳ ಮಟ್ಟಿಗೆ ಹಾಗಾಗುವುದು ಬಲು ಅಪರೂಪ. ಕಲ್ಲು ಎಷ್ಟೋ ವರ್ಷ ಎಲ್ಲರ ಕಣ್ಣೆದುರೇ ಬಿದ್ದಿರುತ್ತದೆ. ಕಪಾಟಿನಲ್ಲಿ ಬೇರಾವುದೋ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿರುವುದೂ ಉಂಟು. ಅದು ಹೊಸದು ಎಂದು ಗೊತ್ತಾಗುವುದು ಲೆಕ್ಕ ಹಾಕಿದ ಮೇಲೆ. ಆ ಲೆಕ್ಕದಲ್ಲಿ ಕೆಲವು ಹೆಸರು ಹುಟ್ಟುತ್ತವೆ, ಕೆಲವು ಅಳಿಯುತ್ತವೆ. ನಮ್ಮ ಚಿಕ್ಕಮಗಳೂರಿನ ಬೆಟ್ಟಸಾಲಿನ ಹೆಸರು ಹೊತ್ತಿದ್ದ ಒಂದು ಖನಿಜವೂ ಹಾಗೆ ಅಳಿದುಹೋದದ್ದೇ.

ಆಂಫಿಬೋಲ್ ನಮಗೇನೂ ದೂರದ್ದಲ್ಲ. ಮೆಟ್ಟಿಲಿಗೆ, ಅಡುಗೆಮನೆ ಕಟ್ಟೆಗೆ ಹಾಸುವ ಬೂದು ಗ್ರಾನೈಟಿನ ಕಪ್ಪು ಚುಕ್ಕೆಗಳಲ್ಲಿ ಕೆಲವು ಕರಿ ಅಭ್ರಕ, ಇನ್ನು ಕೆಲವು ಹಾರ್ನ್‌ಬ್ಲೆಂಡ್. ಹಾರ್ನ್‌ಬ್ಲೆಂಡ್ ಈ ಕುಟುಂಬದ ಅತಿ ಸಾಮಾನ್ಯ ಸದಸ್ಯ. ಕೋಲಾರದ ಚಾಂಪಿಯನ್ ರೀಫ್ ಎಂಬ ಚಿನ್ನದ ಬೆಣಚುಕಲ್ಲಿನ ಎಳೆ ಹಾದುಹೋಗುವುದೂ ಹಾರ್ನ್‌ಬ್ಲೆಂಡ್ ತುಂಬಿದ ಕರಿಶಿಲೆಯ ನಡುವೆಯೇ. ಕಲ್ನಾರಿನ ಹಲವು ಬಗೆಗಳೂ ಆಂಫಿಬೋಲ್‌ಗಳೇ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಒಂದು ಸಿಲಿಕಾನ್ ಪರಮಾಣು, ಅದರ ಸುತ್ತ ನಾಲ್ಕು ಆಮ್ಲಜನಕ. ಇಂಥ ಘಟಕಗಳು ಮೂಲೆಗೆ ಮೂಲೆ ಕೂಡಿ ಸರಪಳಿಯಾಗುತ್ತವೆ. ಸರಪಳಿ ಒಂಟಿಯಾಗಿದ್ದರೆ ಅದು ಪೈರಾಕ್ಸೀನ್. ಎರಡು ಸರಪಳಿ ಪಕ್ಕಪಕ್ಕ ಹೆಣೆದುಕೊಂಡರೆ ಆಂಫಿಬೋಲ್. ಟ್ರೆಮೊಲೈಟ್ ಎಂಬ ಆಂಫಿಬೋಲಿನ ಈ ಜೋಡಿ ಸರಪಳಿಯನ್ನು ಎಕ್ಸ್-ರೇ ಮೂಲಕ 1929ರಲ್ಲಿ ಬಿಡಿಸಿಟ್ಟವನು ಬಿ. ಇ. ವಾರೆನ್. ಪೈರಾಕ್ಸೀನ್, ಆಂಫಿಬೋಲ್ ಎರಡನ್ನೂ ಬೇರ್ಪಡಿಸಲು ಪ್ರತಿ ಸಲ ಎಕ್ಸ್-ರೇ ಬೇಕೆಂದೇನಿಲ್ಲ. ಭೂವಿಜ್ಞಾನದ ಬಿ.ಎಸ್‌ಸಿ. ವಿದ್ಯಾರ್ಥಿ ಮಾಡುವಂತೆ ಕಲ್ಲಿನ ಚೂರೊಂದನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು, ಗಾಜಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಕು. ಬೆಳಕು ಕಲ್ಲಿನೊಳಗಿಂದಲೇ ಹಾದು ಬರುತ್ತದೆ. ಅಡ್ಡಕ್ಕೆ ಕೊಯ್ದ ಹರಳಿನಲ್ಲಿ ಎರಡು ಸಾಲು ಸೀಳುಗೆರೆಗಳು 56 ಮತ್ತು 124 ಡಿಗ್ರಿ ಕೋನದಲ್ಲಿ ಒಂದನ್ನೊಂದು ಕತ್ತರಿಸಿರುತ್ತವೆ. ಪೈರಾಕ್ಸೀನಿನಲ್ಲಾದರೆ ಅದು ಹೆಚ್ಚುಕಡಿಮೆ ಲಂಬಕೋನ. ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರೆ ತಿಳಿಹಸಿರಾಗಿದ್ದ ಹಾರ್ನ್‌ಬ್ಲೆಂಡ್ ಕಡುಹಸಿರಾಗುತ್ತದೆ, ಕಂದಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ಇಷ್ಟು ಕಂಡರೆ ‘ಇದು ಆಂಫಿಬೋಲ್’ ಎಂದು ಧೈರ್ಯವಾಗಿ ಹೇಳಬಹುದು. ಯಾವ ಆಂಫಿಬೋಲ್ ಎಂದು ಕೇಳಿದರೆ ಉತ್ತರ ಅಲ್ಲಿಲ್ಲ. ಕುಟುಂಬದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಕಣ್ಣಿಗೆ ಒಂದೇ ಥರ.

ಅಳಗುಳಿಮಣೆ ಆಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾದೀತು. ಮಣೆಯಲ್ಲಿ ಗುಳಿಗಳ ಸಂಖ್ಯೆ ಬದಲಾಗುವುದಿಲ್ಲ, ಬದಲಾಗುವುದು ಅವುಗಳೊಳಗಿನ ಕಾಳು. ಆಂಫಿಬೋಲಿನಲ್ಲೂ ಹಾಗೆಯೇ. 22 ಆಮ್ಲಜನಕಗಳು ಮಣೆಯ ಮರವಿದ್ದಂತೆ, ಕದಲುವುದಿಲ್ಲ. ಉಳಿದದ್ದು ಐದು ಬಗೆಯ ಗುಳಿ: ಎ ಒಂದು, ಬಿ ಎರಡು, ಸಿ ಐದು, ಟಿ ಎಂಟು, ಡಬ್ಲ್ಯು ಎರಡು. ಎ ಗುಳಿಯಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಕೂರಬಹುದು, ಅದು ಖಾಲಿ ಬಿದ್ದಿರಲೂಬಹುದು. ಬಿ ಗುಳಿಗೆ ಕ್ಯಾಲ್ಸಿಯಂ, ಸೋಡಿಯಂ, ಮ್ಯಾಂಗನೀಸ್, ಕಬ್ಬಿಣ, ಮೆಗ್ನೀಷಿಯಂ, ಕೆಲವೊಮ್ಮೆ ಲೀಥಿಯಂ. ಸಿ ಗುಳಿಗಳಲ್ಲಿ ಬಹಳ ವೈವಿಧ್ಯ: ಮೆಗ್ನೀಷಿಯಂ, ಎರಡು ಬಗೆಯ ಕಬ್ಬಿಣ, ಅಲ್ಯುಮಿನಿಯಂ, ಮ್ಯಾಂಗನೀಸ್, ಟೈಟೇನಿಯಂ, ಲೀಥಿಯಂ. ಟಿ ಗುಳಿಗಳು ಮುಖ್ಯವಾಗಿ ಸಿಲಿಕಾನ್‌ನವು, ಒಂದಿಷ್ಟು ಅಲ್ಯುಮಿನಿಯಂ. ಡಬ್ಲ್ಯುನಲ್ಲಿ ಹೈಡ್ರಾಕ್ಸಿಲ್, ಫ್ಲೋರೀನ್, ಕ್ಲೋರೀನ್ ಅಥವಾ ಆಮ್ಲಜನಕ.

ಆಟಕ್ಕೆ ಒಂದೇ ಕಟ್ಟುನಿಟ್ಟಿನ ಶರತ್ತು. ಡಬ್ಲ್ಯುನಲ್ಲಿ ಹೈಡ್ರಾಕ್ಸಿಲ್ ಇರುವ ಸಾಮಾನ್ಯ ಆಂಫಿಬೋಲಿನಲ್ಲಿ ಋಣ ವಿದ್ಯುದಾವೇಶ ಒಟ್ಟು 46. ಧನ ಆವೇಶವೂ ಸರಿಯಾಗಿ ಅಷ್ಟೇ ಇರಬೇಕು. ಟ್ರೆಮೊಲೈಟನ್ನು ನೋಡಿ. ಎ ಖಾಲಿ. ಬಿಯಲ್ಲಿ ಎರಡು ಕ್ಯಾಲ್ಸಿಯಂ, ತಲಾ 2 ಧನ ಆವೇಶ, ಅಂದರೆ 4. ಸಿಯಲ್ಲಿ ಐದು ಮೆಗ್ನೀಷಿಯಂ, 10. ಟಿಯಲ್ಲಿ ಎಂಟು ಸಿಲಿಕಾನ್, 32. ಕೂಡಿದರೆ 46. ಇನ್ನು ಕಾಜಲಿಡೋಂಗ್ರಿಯ ಲೀಕೈಟ್. ಎಯಲ್ಲಿ ಒಂದು, ಬಿಯಲ್ಲಿ ಎರಡು ಸೋಡಿಯಂ, ಒಟ್ಟು 3. ಸಿಯಲ್ಲಿ ಎರಡು ಮೆಗ್ನೀಷಿಯಂನಿಂದ 4, ಎರಡು ಫೆರಿಕ್ ಕಬ್ಬಿಣದಿಂದ 6, ಒಂದು ಲೀಥಿಯಂನಿಂದ 1. ಟಿಯಲ್ಲಿ ಮತ್ತದೇ 32. ಅದೂ 46. ಒಂದು ಗುಳಿಯಲ್ಲಿ ಆವೇಶ ತಗ್ಗಿದರೆ ಇನ್ನೊಂದರಲ್ಲಿ ಏರಲೇಬೇಕು. ಈ ಸರಿದೂಗಿಸಾಟದಿಂದಲೇ ಆಂಫಿಬೋಲ್‌ಗಳಿಗೆ ಇಷ್ಟು ರೂಪ.

ಇದು ಆದರ್ಶ ಸೂತ್ರ. ನಿಜದ ಕಲ್ಲಿನಲ್ಲಿ ಎಲ್ಲವೂ ಕಲಬೆರಕೆ. ಬಿ ಗುಳಿಯಲ್ಲಿ ಸೋಡಿಯಂ 0.9, ಕ್ಯಾಲ್ಸಿಯಂ 1.1 ಹೀಗೆ ಪಾಲು ಬರುತ್ತದೆ. ಆಗ ಗೆರೆ ಎಳೆಯಬೇಕಾಗುತ್ತದೆ. ಸರಳವಾಗಿ ಹೇಳುವುದಾದರೆ, ಬಿಯಲ್ಲಿ ಸೋಡಿಯಂ 0.5ರವರೆಗೆ ಇದ್ದರೆ ಕ್ಯಾಲ್ಸಿಯಂ ಗುಂಪು, 1.5 ಮುಟ್ಟಿದರೆ ಸೋಡಿಯಂ ಗುಂಪು, ನಡುವಿನದು ಸೋಡಿಯಂ-ಕ್ಯಾಲ್ಸಿಯಂ ಗುಂಪು. ನಿಸರ್ಗಕ್ಕೆ ಈ ಗೆರೆಯ ಗೊಡವೆಯಿಲ್ಲ. ಒಂದೇ ಹರಳಿನ ನಡುಭಾಗ ಒಂದು ಹೆಸರಿಗೂ ಅಂಚು ಇನ್ನೊಂದು ಹೆಸರಿಗೂ ಸೇರುವುದುಂಟು. ಆದರೂ ಗೆರೆ ಬೇಕೇ ಬೇಕು, ಇಲ್ಲದಿದ್ದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಲೀಕೈಟಿನ ತೊಡಕು ಇದ್ದದ್ದು ಲೀಥಿಯಂನಲ್ಲಿ. ಖನಿಜದ ರಾಸಾಯನಿಕ ಲೆಕ್ಕಕ್ಕೆ ಇಂದು ಎಲ್ಲರೂ ಬಳಸುವುದು ಎಲೆಕ್ಟ್ರಾನ್ ಮೈಕ್ರೊಪ್ರೋಬ್. ಎಲೆಕ್ಟ್ರಾನುಗಳ ಸಣ್ಣ ಕಿರಣವನ್ನು ಹರಳಿನ ಮೇಲೆ ಬಿಟ್ಟು, ಅಲ್ಲಿಂದ ಹೊಮ್ಮುವ ಎಕ್ಸ್-ರೇ ನೋಡಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಯಂತ್ರ ಅದು. ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಸಲೀಸಾಗಿ ಅಳೆಯುವ ಈ ಯಂತ್ರಕ್ಕೆ ಲೀಥಿಯಂ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟು ಹಗುರ ಧಾತು. ಮೈಕ್ರೊಪ್ರೋಬನ್ನೇ ನಂಬಿ ಕೂತರೆ ಇಂಥ ಹರಳು ಆರ್ಫ್‌ವೆಡ್ಸೊನೈಟ್ ಎಂಬ ಬೇರೊಂದು ಆಂಫಿಬೋಲಿನ ಬಳಗದ್ದೆಂದೇ ತೋರುತ್ತದೆ.

ಲೀಥಿಯಂ ಸಿಕ್ಕಿಬೀಳುವುದು ಹರಳಿನ ಒಳರಚನೆಯಲ್ಲಿ. ಕೂದಲೆಳೆಯಷ್ಟು ಗಾತ್ರದ ಒಂಟಿ ಹರಳೊಂದನ್ನು ಎಕ್ಸ್-ರೇ ಕಿರಣದ ಎದುರು ತಿರುಗಿಸಿ, ಚದುರಿ ಬಂದ ಸಾವಿರಾರು ಚುಕ್ಕೆಗಳ ತೀವ್ರತೆಯನ್ನು ಅಳೆಯುತ್ತಾರೆ. ಅದರಿಂದ ಪ್ರತಿಯೊಂದು ಗುಳಿಯಲ್ಲೂ ಸರಾಸರಿ ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಲೆಕ್ಕ ಸಿಗುತ್ತದೆ. ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್, ಮೆಗ್ನೀಷಿಯಂನಲ್ಲಿ 12, ಲೀಥಿಯಂನಲ್ಲಿ 3. ಸಿಯ ಐದು ಗುಳಿಗಳೂ ಒಂದೇ ಬಗೆಯವಲ್ಲ: ಎಂ1 ಎರಡು, ಎಂ2 ಎರಡು, ಎಂ3 ಒಂದು. ಲೀಕೈಟಿನ ಆದರ್ಶ ಸೂತ್ರದಲ್ಲಿ ಎಂ1ರಲ್ಲಿ ಮೆಗ್ನೀಷಿಯಂ, ಎಂ2ರಲ್ಲಿ ಕಬ್ಬಿಣ, ಎಂ3ರಲ್ಲಿ ಲೀಥಿಯಂ. ಎಂ3ರ ಎಲೆಕ್ಟ್ರಾನ್ ಲೆಕ್ಕ ಮೆಗ್ನೀಷಿಯಂಗಿಂತ ಕೆಳಗಿಳಿದರೆ ಅಲ್ಲಿ ಹಗುರವಾದದ್ದೇನೋ ಕೂತಿದೆ ಎಂದೇ ಅರ್ಥ. ಆಂಫಿಬೋಲ್‌ಗಳಲ್ಲಿ ಹೀಗೆ ಗುಳಿ ಗುಳಿಯ ಲೆಕ್ಕ ಇಡುವುದರಲ್ಲಿ ಇಟಲಿಯ ಪಾವಿಯಾದ ಒಬೆರ್ಟಿ, ಉಂಗರೆಟ್ಟಿ ಅವರ ತಂಡ ಎತ್ತಿದ ಕೈಯಾಗಿತ್ತು.

ಇಷ್ಟಾದ ಮೇಲೂ ‘ನಾನು ಹೊಸ ಖನಿಜ ಕಂಡುಹಿಡಿದೆ’ ಎಂದು ತಾನೇ ಘೋಷಿಸಿಕೊಳ್ಳುವಂತಿಲ್ಲ. 1958ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖನಿಜ ವಿಜ್ಞಾನ ಸಂಘದ ಆಯೋಗಕ್ಕೆ ಅರ್ಜಿ ಹಾಕಬೇಕು. ಎಲ್ಲಿ ಸಿಕ್ಕಿತು, ಜೊತೆಗೆ ಯಾವ ಖನಿಜಗಳಿದ್ದವು, ಬಣ್ಣ, ಉಜ್ಜಿದಾಗ ಬೀಳುವ ಗೀರಿನ ಬಣ್ಣ, ಹೊಳಪು, ಗಡಸುತನ, ಸೀಳು, ಸಾಂದ್ರತೆ, ಬೆಳಕನ್ನು ಎಷ್ಟು ಬಾಗಿಸುತ್ತದೆ, ರಾಸಾಯನಿಕ ವಿಶ್ಲೇಷಣೆ, ಹರಳಿನ ರಚನೆ ಎಲ್ಲವನ್ನೂ ಕೊಡಬೇಕು. ಮಾದರಿ ಕಲ್ಲನ್ನು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡಬೇಕು, ನಾಳೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲು. ದೇಶದೇಶಗಳ ಪ್ರತಿನಿಧಿಗಳು ಮತ ಹಾಕುತ್ತಾರೆ. ಖನಿಜಕ್ಕೆ ಬೇರೆ ಮತ, ಹೆಸರಿಗೆ ಬೇರೆ ಮತ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಹಾಗಿಲ್ಲ. ಬದುಕಿರುವವರ ಹೆಸರಿಡಲು ಅವರ ಒಪ್ಪಿಗೆ ಬೇಕು.

ಲೀಕೈಟ್ ಹೊತ್ತಿರುವುದು ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿದ್ದ ಬರ್ನಾರ್ಡ್ ಲೀಕ್ ಅವರ ಹೆಸರು. ಆಂಫಿಬೋಲ್ ಹೆಸರುಗಳನ್ನು ಸರಿಪಡಿಸುವ ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿದ್ದವರು. ಕಾಜಲಿಡೋಂಗ್ರಿಯ ನಂಟು ಅವರಿಗೆ ಮೊದಲೇ ಇತ್ತು: 1975ರಲ್ಲಿ ವಿ. ಕೆ. ನಾಯಕ್ ಅವರೊಂದಿಗೆ ಅಲ್ಲಿನ ವಿಂಚೈಟ್ ಎಂಬ ಆಂಫಿಬೋಲ್ ಬಗ್ಗೆ ಬರೆದಿದ್ದರು. ವಿಂಚೈಟಿಗೆ ಹೆಸರಿಟ್ಟದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಲೂಯಿಸ್ ಲೀ ಫರ್ಮರ್. ಕಲ್ಲನ್ನು ಮೊದಲು ಕಂಡ ಹೊವರ್ಡ್ ವಿಂಚ್ ಎಂಬವರ ಹೆಸರು ಅದು. ಭಾರತದ ಮ್ಯಾಂಗನೀಸ್ ಅದಿರಿನ ಬಗ್ಗೆ 1909ರಲ್ಲಿ ಬೃಹತ್ ಗ್ರಂಥ ಬರೆದ ಈ ಫರ್ಮರ್, ಪ್ರವಾಸ ಸಾಹಿತ್ಯ ಓದುವವರು ಮೆಚ್ಚುವ ಪ್ಯಾಟ್ರಿಕ್ ಲೀ ಫರ್ಮರ್ ಅವರ ತಂದೆ. ಮಗನಿಗೆ ಬಂದ ಖ್ಯಾತಿ ಅಪ್ಪನಿಗೆ ಬರಲಿಲ್ಲ. ನನ್ನನ್ನು ಕೇಳಿದರೆ ಅದು ಅನ್ಯಾಯ.

ಲೀಕ್ ಸಮಿತಿಯ 1978ರ ವರದಿ ಹಳೆಯ ಹೆಸರುಗಳ ಕಾಡನ್ನು ಸವರಿ ಹಾಕಿತು. ನೂರೈವತ್ತು ವರ್ಷಗಳ ಕಾಲ ಒಬ್ಬೊಬ್ಬರೂ ಬಣ್ಣ ನೋಡಿ, ಊರು ನೋಡಿ, ಗುರುವನ್ನು ನೆನೆದು ಹೆಸರಿಡುತ್ತ ಬಂದಿದ್ದರು. ಒಂದೇ ಖನಿಜಕ್ಕೆ ನಾಲ್ಕೈದು ಹೆಸರು, ಒಂದೇ ಹೆಸರಿಗೆ ನಾಲ್ಕೈದು ಖನಿಜ. ಸವರುವ ಕೆಲಸ ಅಗತ್ಯವೇ ಆಗಿತ್ತು.

ಹೀಗೆ ಬಳಕೆಯಿಂದ ಹೊರಬಿದ್ದ ಹೆಸರುಗಳಲ್ಲಿ ಬಾಬಾಬುಡನೈಟ್ ಕೂಡ ಒಂದು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ 1908ರಲ್ಲಿ, ಬಾಬಾಬುಡನ್ ಗಿರಿಸಾಲಿನ ಕಬ್ಬಿಣದ ಪಟ್ಟೆಕಲ್ಲುಗಳಲ್ಲಿ ಸಿಕ್ಕ ಸೋಡಿಯಂ ಆಂಫಿಬೋಲಿಗೆ ಇಟ್ಟ ಹೆಸರು. ಕೇಳಲು ಎಷ್ಟು ಚೆಂದ! ಆದರೆ ಗುಳಿಗಳ ಲೆಕ್ಕ ಹಾಕಿದಾಗ ಅದು ಮೆಗ್ನೀಷಿಯೊ-ರೀಬೆಕೈಟ್ ಎಂದು ತೀರ್ಮಾನವಾಯಿತು. ರೀಬೆಕೈಟ್ ಎಂಬ ಹೆಸರು 1888ರಷ್ಟು ಹಿಂದಿನದು. ಅರಬ್ಬೀ ಸಮುದ್ರದಾಚೆಯ ಸೊಕೊತ್ರಾ ದ್ವೀಪದ ಕಲ್ಲಿಗೆ ಜರ್ಮನ್ ಸಂಚಾರಿ ಎಮಿಲ್ ರೀಬೆಕ್ ನೆನಪಿನಲ್ಲಿ ಇಟ್ಟದ್ದು. ಮೊದಲು ಬಂದವರಿಗೆ ಮೊದಲ ಮಣೆ ಎಂಬ ನಿಯಮ. ನಮ್ಮ ಗಿರಿಯ ಹೆಸರು ಹೋಗಿ ಜರ್ಮನ್ ಸಂಚಾರಿಯದು ಉಳಿಯಿತು. ಕನ್ನಡಿಗನಾಗಿ ಬೇಸರವಾದರೂ ತೀರ್ಪು ತಪ್ಪೆನ್ನಲಾರೆ. ಹಳೆಯ ಪುಸ್ತಕಗಳಲ್ಲಿ, ಮೇಷ್ಟರುಗಳ ಮಾತಿನಲ್ಲಿ ಬಾಬಾಬುಡನೈಟ್ ಇನ್ನೂ ಇದೆ; ಅಧಿಕೃತ ಪಟ್ಟಿಯಲ್ಲಿಲ್ಲ.

ನಿಯಮ ಮಾಡಿದವರನ್ನೂ ನಿಯಮ ಬಿಡಲಿಲ್ಲ. 2012ರಲ್ಲಿ ಹಾಥಾರ್ನ್ ನೇತೃತ್ವದ ಸಮಿತಿ ವರ್ಗೀಕರಣವನ್ನು ಮತ್ತೆ ತಿದ್ದಿತು. ಮೊದಲು ಡಬ್ಲ್ಯು ಗುಳಿ ನೋಡು, ಆಮೇಲೆ ಬಿ, ಆಮೇಲೆ ಎ ಮತ್ತು ಸಿ ಎಂಬ ಕ್ರಮ. ಒಂದು ಮೂಲ ಹೆಸರು, ಅದರ ಹಿಂದೆ ಗುಳಿಯಲ್ಲಿರುವ ಧಾತು ಹೇಳುವ ಉಪಸರ್ಗಗಳು. ಲೀಕೈಟ್ ಎಂಬ ಮೂಲ ಹೆಸರು ಸಿ ಗುಳಿಯಲ್ಲಿ ಅಲ್ಯುಮಿನಿಯಂ ಇರುವ ರೂಪಕ್ಕೆ ಹೋಯಿತು. ಕಾಜಲಿಡೋಂಗ್ರಿಯ ಹರಳಿನಲ್ಲಿ ಇರುವುದು ಫೆರಿಕ್ ಕಬ್ಬಿಣ, ಹಾಗಾಗಿ ಅದೀಗ ಫೆರಿ-ಲೀಕೈಟ್. ದಕ್ಷಿಣ ಆಫ್ರಿಕಾದ ವೆಸೆಲ್ಸ್ ಗಣಿಯ ಕೊರ್ನೈಟ್ ಎಂಬ ಪುಟ್ಟ ಹೆಸರು ಹೋಗಿ ಪೊಟ್ಯಾಸಿಕ್-ಮ್ಯಾಂಗನಿ-ಲೀಕೈಟ್ ಆಗಿದೆ. ನಾಲಿಗೆ ತೊಡರುವ ಹೆಸರು, ಒಪ್ಪುತ್ತೇನೆ. ಆದರೆ ಕೊರ್ನೈಟ್ ಎಂದರೆ ಏನೂ ತಿಳಿಯುವುದಿಲ್ಲ, ಈ ಉದ್ದ ಹೆಸರನ್ನು ಬಿಡಿಸಿದರೆ ಸೂತ್ರವನ್ನೇ ಬರೆಯಬಹುದು. ಇದೇ ಹೊಸ ಕ್ರಮದ ತಮಾಷೆಯೊಂದಿದೆ: ಗ್ರಾನೈಟಿನಲ್ಲಿ ಎಲ್ಲೆಂದರಲ್ಲಿ ಕಾಣುವ ಹಾರ್ನ್‌ಬ್ಲೆಂಡ್ ಬಳಗದ ಮೆಗ್ನೀಷಿಯೊ-ಹಾರ್ನ್‌ಬ್ಲೆಂಡಿಗೆ ನಿಯಮಬದ್ಧವಾದ ಪೂರ್ಣ ವಿವರಣೆ ಪ್ರಕಟವಾದದ್ದು 2018ರಲ್ಲಿ, ನಮೀಬಿಯಾದ ಲೂಡರಿಟ್ಸ್ ಬಳಿಯ ಮರಳದಿಬ್ಬದ ಹರಳಿನಿಂದ!

ಇದೆಲ್ಲ ಕೂದಲು ಸೀಳುವ ಕೆಲಸ, ಜನಸಾಮಾನ್ಯರಿಗೇನು ಎಂದು ಕೇಳುವವರಿಗೆ ಎರಡು ಊರಿನ ಕಥೆ ಹೇಳಬೇಕು.

ಸಿಸಿಲಿಯಲ್ಲಿ ಎಟ್ನಾ ಜ್ವಾಲಾಮುಖಿಯ ಬುಡದಲ್ಲಿ ಬಿಯಾಂಕಾವಿಲ್ಲಾ ಎಂಬ ಊರಿದೆ. 1990ರ ದಶಕದಲ್ಲಿ ಅಲ್ಲಿ ಮೆಸೊಥೀಲಿಯೋಮಾ, ಅಂದರೆ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಇರಬೇಕಾದುದಕ್ಕಿಂತ ಹೆಚ್ಚಾಗಿರುವುದು ಕಂಡಿತು. ಇದು ಕಲ್ನಾರಿನ ಕೆಲಸದವರಿಗೆ ಬರುವ ಕಾಯಿಲೆ. ಈ ಜನ ಕಲ್ನಾರಿನ ಕೆಲಸ ಮಾಡಿದವರಲ್ಲ. ಊರಿನ ಪಕ್ಕದ ಮೊಂಟೆ ಕಾಲ್ವಾರಿಯೊ ಕ್ವಾರಿಯ ಕಲ್ಲು, ಪುಡಿಯನ್ನೇ ಮನೆ ಕಟ್ಟಲು ಬಳಸುತ್ತಿದ್ದರು. ಅದರಲ್ಲಿ ನಾರಿನ ರೂಪದ ಆಂಫಿಬೋಲ್ ಇತ್ತು. ಡಬ್ಲ್ಯು ಗುಳಿಯಲ್ಲಿ ಹೈಡ್ರಾಕ್ಸಿಲ್ ಬದಲು ಫ್ಲೋರೀನ್ ತುಂಬಿದ ಅದನ್ನು 2001ರಲ್ಲಿ ಜಾನ್‌ಫಾನ್ಯಾ ಮತ್ತು ಒಬೆರ್ಟಿ ಫ್ಲೋರೊ-ಈಡನೈಟ್ ಎಂಬ ಹೊಸ ಖನಿಜವೆಂದು ವಿವರಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಅದರ ನಾರುರೂಪವನ್ನು ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದರು.

ಇನ್ನೊಂದು ಊರು ಅಮೆರಿಕದ ಮೊಂಟಾನಾದ ಲಿಬಿ. ಅಲ್ಲಿನ ವರ್ಮಿಕ್ಯುಲೈಟ್ ಗಣಿ 1990ರವರೆಗೆ ನಡೆಯಿತು. ಮನೆಯ ಅಟ್ಟಕ್ಕೆ ಚಳಿ ತಡೆಯಲು ತುಂಬುವ ಸರಕು ಅದು. ಅದರ ಜೊತೆ ಬರುತ್ತಿದ್ದ, ಉಸಿರಿಗೆ ಸೇರಿ ಜನರನ್ನು ಕಾಯಿಲೆಗೆ ಕೆಡವಿದ ನಾರುಗಳನ್ನು ಟ್ರೆಮೊಲೈಟ್ ಎಂದು ಕರೆಯುವುದು ರೂಢಿಯಾಗಿತ್ತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ನಾರುಗಳ ಗುಳಿ ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದ ಫಲಿತಾಂಶ: ಸುಮಾರು ಶೇ. 84 ವಿಂಚೈಟ್, ಶೇ. 11 ರಿಕ್ಟರೈಟ್ ಎಂಬ ಇನ್ನೊಂದು ಆಂಫಿಬೋಲ್, ಶೇ. 6ರಷ್ಟು ಮಾತ್ರ ಟ್ರೆಮೊಲೈಟ್. ಝಾಬುವಾದ ಗಣಿಯಲ್ಲಿ ಹುಟ್ಟಿದ ಹೆಸರು ಮೊಂಟಾನಾದ ರೋಗಿಗಳ ಕಡತಕ್ಕೆ ಬಂತು. ತೊಡಕು ಏನೆಂದರೆ, ಅಮೆರಿಕದ ಕಾನೂನು ಕಲ್ನಾರು ಎಂದು ಹೆಸರಿಸಿದ್ದು ಆರು ಖನಿಜಗಳನ್ನು. ಆ ಪಟ್ಟಿಯಲ್ಲಿ ಟ್ರೆಮೊಲೈಟ್ ಇದೆ, ವಿಂಚೈಟ್ ಇಲ್ಲ. ಲೆಕ್ಕ ಸರಿಯಾದಂತೆ ವಿಷವಸ್ತು ಪಟ್ಟಿಯಿಂದ ಹೊರಗೆ ಜಾರಿತು. ಈ ಹೆಸರಿನ ಪ್ರಶ್ನೆ ನ್ಯಾಯಾಲಯದಲ್ಲೂ ಚರ್ಚೆಗೆ ಬಂತು. 2009ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಲಿಬಿಯಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಪರಿಸ್ಥಿತಿ ಘೋಷಿಸಿತು. ಬಿ ಗುಳಿಯಲ್ಲಿ ಸೋಡಿಯಂ 0.5ಕ್ಕಿಂತ ತುಸು ಹೆಚ್ಚಿದೆಯೋ ಕಡಿಮೆಯಿದೆಯೋ ಎಂಬುದು ಶ್ವಾಸಕೋಶಕ್ಕೆ ಗೊತ್ತಾಗುವುದಿಲ್ಲ. ಖನಿಜ ವಿಜ್ಞಾನಿಯ ಗೆರೆಯನ್ನು ಕಾನೂನು ಬರೆಯುವವರು ಕಣ್ಣುಮುಚ್ಚಿ ಎತ್ತಿಕೊಂಡದ್ದು ದೊಡ್ಡ ತಪ್ಪು. ಅಪಾಯ ಇರುವುದು ನಾರಿನ ಆಕಾರದಲ್ಲಿ, ಅದು ದೇಹದಲ್ಲಿ ಕರಗದೆ ಉಳಿಯುವುದರಲ್ಲಿ. ಅಡುಗೆಕಟ್ಟೆಯ ಗ್ರಾನೈಟಿನ ಕಪ್ಪು ಚುಕ್ಕೆ ನೋಡಿ ಯಾರೂ ಗಾಬರಿಯಾಗಬೇಕಿಲ್ಲ, ಅದು ನಾರಲ್ಲ.

ಕೊನೆಗೆ ನಮ್ಮ ಕಾಲೇಜುಗಳಲ್ಲಿ ಭೂವಿಜ್ಞಾನ ಪಾಠ ಮಾಡುವವರಿಗೊಂದು ಕೋರಿಕೆ. ಹಲವು ಕಡೆ ಈ ವಿಭಾಗಗಳು ಸೊರಗುತ್ತಿವೆ, ಹಳೆಯ ಕಪಾಟುಗಳನ್ನು ಖಾಲಿ ಮಾಡುವ ಮಾತು ಬರುತ್ತದೆ. ಕಲ್ಲು ಎಸೆಯಬೇಡಿ. ಅದಕ್ಕಿಂತ ಮುಖ್ಯವಾಗಿ, ಕಲ್ಲಿಗೆ ಅಂಟಿಸಿದ ಚೀಟಿಯನ್ನು ಕೀಳಬೇಡಿ. ಬಾಬಾಬುಡನೈಟ್ ಎಂಬುದು ರದ್ದಾದ ಹೆಸರೇ ಇರಬಹುದು, ಆದರೆ ಯಾವ ಬೆಟ್ಟದ ಯಾವ ಪಟ್ಟೆಯಿಂದ ಆ ಕಲ್ಲು ಬಂತು ಎಂದು ಹೇಳುವುದು ಆ ಚೀಟಿ ಮಾತ್ರ. ಲೀಥಿಯಂ, ಫ್ಲೋರೀನ್‌ಗಳನ್ನು ಅಳೆಯುವ ಇಂದಿನ ಉಪಕರಣಗಳು ಸ್ಮೀತ್ ಕಾಲದಲ್ಲಿ ಇರಲಿಲ್ಲ. ಸಾಧ್ಯವಾದರೆ ಒಬ್ಬ ಎಂ.ಎಸ್‌ಸಿ. ವಿದ್ಯಾರ್ಥಿಗೆ ಆ ಕಲ್ಲಿನ ಒಂದು ಚೂರು ಕೊಟ್ಟು, ಗುಳಿಗಳ ಲೆಕ್ಕ ಮತ್ತೊಮ್ಮೆ ಹಾಕಿಸಿ.